11 ಮೊದಲೋ, 1-1 ಮೊದಲೋ?

2018ರ ಆಗಸ್ಟ್ 1ರಂದು ಗ್ನೂ ಸಿ ಲೈಬ್ರರಿಯ 2.28ನೇ ಆವೃತ್ತಿ ಹೊರಬಂತು. ‘ಜಿಲಿಬ್‌ಸಿ’ ಎಂದು ಕರೆಯುವ ಈ ತಂತ್ರಾಂಶಕ್ಕೆ ಜಾಹೀರಾತಿಲ್ಲ, ಪರದೆಯ ಮೇಲೆ ಅದರ ಗುರುತೂ ಕಾಣುವುದಿಲ್ಲ. ಆದರೆ ಲಿನಕ್ಸ್ ಸರ್ವರ್‌ಗಳಲ್ಲಿ ಓಡುವ ಬಹುಪಾಲು ಪ್ರೋಗ್ರಾಂಗಳು ಫೈಲ್ ತೆರೆಯುವುದಕ್ಕೂ ಹೊತ್ತು ತಿಳಿಯುವುದಕ್ಕೂ ಎರಡು ಪದಗಳಲ್ಲಿ ಯಾವುದು ಮೊದಲು ಎಂದು ತೀರ್ಮಾನಿಸುವುದಕ್ಕೂ ಇದನ್ನೇ ಕೇಳುತ್ತವೆ. ಆ ಆವೃತ್ತಿಯ ಬದಲಾವಣೆಗಳ ಉದ್ದನೆಯ ಪಟ್ಟಿಯಲ್ಲಿ ಒಂದು ಅಂಶ ಹೀಗಿತ್ತು: ಅಕ್ಷರಗಳ ಅನುಕ್ರಮವನ್ನು ಐಎಸ್‌ಒ 14651 ಮಾನಕದ 2016ರ ಪರಿಷ್ಕರಣೆಗೆ ಹೊಂದಿಸಲಾಗಿದೆ.

ಓದಿದವರಿಗೆ ಇದರಲ್ಲಿ ಗಾಬರಿಪಡುವಂಥದ್ದೇನೂ ಕಾಣುವುದಿಲ್ಲ. ಪರಿಣಾಮ ಮಾತ್ರ ವಿಚಿತ್ರವಾಗಿತ್ತು. ಅಮೆರಿಕನ್ ಇಂಗ್ಲಿಷ್ ಸೆಟ್ಟಿಂಗಿನ ಲಿನಕ್ಸ್ ಯಂತ್ರಕ್ಕೆ ‘11’ ಮತ್ತು ‘1-1’ ಎಂಬ ಎರಡು ಸಾಲು ಕೊಟ್ಟು ವಿಂಗಡಿಸಲು ಹೇಳಿದರೆ, ಹಳೆಯ ಜಿಲಿಬ್‌ಸಿ 11 ಅನ್ನು ಮೊದಲು ಇಡುತ್ತಿತ್ತು. 2.28 ಬಂದ ಮೇಲೆ 1-1 ಮೊದಲಾಯಿತು. ಅಷ್ಟೇ.

2019ರ ಮೇನಲ್ಲಿ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8, ಜುಲೈನಲ್ಲಿ ಡೆಬಿಯನ್ 10 ಬಿಡುಗಡೆಯಾದವು. ಎರಡರೊಳಗೂ ಇದ್ದದ್ದು ಜಿಲಿಬ್‌ಸಿ 2.28. ಹಳೆಯ ಸರ್ವರ್‌ಗಳನ್ನು ಈ ಆವೃತ್ತಿಗಳಿಗೆ ಅಪ್‌ಗ್ರೇಡ್ ಮಾಡಿದವರಲ್ಲಿ ಪೋಸ್ಟ್‌ಗ್ರೆಸ್‌ಕ್ಯುಎಲ್ ಡೇಟಾಬೇಸ್ ನಡೆಸುವವರೂ ಇದ್ದರು. ಅಪ್‌ಗ್ರೇಡ್ ಸುಸೂತ್ರವಾಗಿ ಮುಗಿಯುತ್ತಿತ್ತು, ಡೇಟಾಬೇಸ್ ಎದ್ದು ಕೂರುತ್ತಿತ್ತು, ಲಾಗ್‌ನಲ್ಲಿ ಒಂದು ದೋಷಸಂದೇಶವೂ ಇರುತ್ತಿರಲಿಲ್ಲ. ಆಮೇಲೆ, ಇದ್ದೇ ಇರುವ ಗ್ರಾಹಕರ ಹೆಸರು ಹುಡುಕಿದರೆ ‘ಇಲ್ಲ’ ಎಂಬ ಉತ್ತರ ಬರುವ ಸಾಧ್ಯತೆ ಹುಟ್ಟಿಕೊಂಡಿತು. ಒಂದೇ ಇಮೇಲ್ ವಿಳಾಸ ಎರಡು ಬಾರಿ ದಾಖಲಾಗಬಾರದೆಂದು ಕಟ್ಟುನಿಟ್ಟು ಮಾಡಿದ್ದ ಕೋಷ್ಟಕದಲ್ಲಿ ಅದೇ ವಿಳಾಸ ಎರಡನೆಯ ಸಲವೂ ನುಸುಳಬಹುದಿತ್ತು.

ಕಾರಣ ಇಂಡೆಕ್ಸ್‌ನಲ್ಲಿತ್ತು. ನಿಘಂಟಿನಲ್ಲಿ ‘ಮಳೆ’ ಹುಡುಕುವವರು ಮೊದಲ ಪುಟದಿಂದ ಓದುತ್ತ ಬರುವುದಿಲ್ಲ. ನಡುವೆ ಎಲ್ಲೋ ತೆರೆದು, ‘ತ’ ಕಂಡರೆ ಮುಂದಕ್ಕೆ, ‘ಸ’ ಕಂಡರೆ ಹಿಂದಕ್ಕೆ ಪುಟ ತಿರುವುತ್ತಾರೆ. ಅಚ್ಚಾದ ಪುಟಗಳು ಇದ್ದಂತೆಯೇ ಇದ್ದು, ಹುಡುಕುವವರ ತಲೆಯಲ್ಲಿರುವ ಅಕ್ಷರಮಾಲೆಯ ಕ್ರಮ ಮಾತ್ರ ರಾತ್ರೋರಾತ್ರಿ ಬದಲಾದರೆ ಅವರು ತಪ್ಪು ದಿಕ್ಕಿಗೆ ತಿರುವಿ, ಪದವೇ ಇಲ್ಲವೆಂದು ನಿಘಂಟು ಮುಚ್ಚುತ್ತಾರೆ. ಡೇಟಾಬೇಸ್‌ನ ಬಿ-ಟ್ರೀ ಇಂಡೆಕ್ಸ್ ಕೆಲಸ ಮಾಡುವುದೂ ಹೀಗೆಯೇ. ಹಳೆಯ ಕ್ರಮದಲ್ಲಿ ಜೋಡಿಸಿದ ಮಾಹಿತಿಯನ್ನು ಹೊಸ ಕ್ರಮ ನಂಬಿಕೊಂಡು ಹುಡುಕುವಾಗ ಅದು ದಾರಿ ತಪ್ಪುತ್ತಿತ್ತು. ಪರಿಹಾರವೇನೋ ಸರಳ: ಪಠ್ಯದ ಇಂಡೆಕ್ಸ್‌ಗಳನ್ನೆಲ್ಲ ಹೊಸದಾಗಿ ಕಟ್ಟುವುದು. ಆದರೆ ಕಾಯಿಲೆ ಇದೆಯೆಂದು ಗೊತ್ತಿದ್ದರೆ ತಾನೆ ಔಷಧಿ?

ಇದರಲ್ಲಿ ಇನ್ನೊಂದು ಕೊಂಕೂ ಇದೆ. ಎಚ್ಚರಿಕೆಯ ಅಡ್ಮಿನ್‌ಗಳು ಸಾಮಾನ್ಯವಾಗಿ ಹೊಸ ಆಪರೇಟಿಂಗ್ ಸಿಸ್ಟಂ ಇರುವ ಯಂತ್ರದಲ್ಲಿ ಡೇಟಾಬೇಸ್‌ನ ಒಂದು ನಕಲನ್ನು ಇರಿಸಿ, ಮೂಲದ ಬದಲಾವಣೆಗಳು ಅದಕ್ಕೆ ಹರಿದು ಬರುವಂತೆ ಮಾಡಿ, ಒಂದು ರಾತ್ರಿ ಸದ್ದಿಲ್ಲದೆ ಅತ್ತ ಬದಲಿಸಿಕೊಳ್ಳುತ್ತಾರೆ. ಬಹಳ ಸುರಕ್ಷಿತವೆಂದು ಹೆಸರಾದ ವಿಧಾನ. ಇಂಡೆಕ್ಸ್ ಕೂಡ ಒಂದು ಬೈಟ್ ಆಚೀಚೆಯಾಗದೆ ನಕಲಾಗುವುದರಿಂದ ಹಳೆಯ ಕ್ರಮವೂ ಹಾಗೇ ಹೊಸ ಯಂತ್ರಕ್ಕೆ ಹೋಗುತ್ತಿತ್ತು. ಪೋಸ್ಟ್‌ಗ್ರೆಸ್‌ಕ್ಯುಎಲ್ ಆಮೇಲೆ ಪಾಠ ಕಲಿಯಿತು. 15ನೇ ಆವೃತ್ತಿಯಿಂದ ಅದು ಇಡೀ ಡೇಟಾಬೇಸ್‌ನ ಅಕ್ಷರಕ್ರಮದ ಆವೃತ್ತಿಯನ್ನು ಬರೆದಿಟ್ಟುಕೊಂಡು, ವ್ಯತ್ಯಾಸ ಕಂಡರೆ ಎಚ್ಚರಿಸುತ್ತದೆ. 2024ರಲ್ಲಿ ಬಂದ 17ನೇ ಆವೃತ್ತಿಯಲ್ಲಿ ಆಪರೇಟಿಂಗ್ ಸಿಸ್ಟಂ ಅನ್ನು ಕೇಳದೆ ತಾನೇ ವಿಂಗಡಿಸಿಕೊಳ್ಳುವ ಅನುಕೂಲವೂ ಸೇರಿತು.

ಒಂದು ಆವೃತ್ತಿಯ ಹೊಟ್ಟೆಯೊಳಗೆ

‘ಸರ್ವರನ್ನು ಹೊಸ ಆವೃತ್ತಿಗೆ ಏರಿಸೋಣವೇ?’ ಎಂದು ಕೇಳುವಾಗ ಏರಿಸುವುದು ಒಂದು ವಸ್ತುವನ್ನು ಎಂಬ ಭಾವನೆ ಬರುತ್ತದೆ. 2025ರ ಆಗಸ್ಟ್ 9ರಂದು ಬಂದ ಡೆಬಿಯನ್ 13ರಲ್ಲಿ ಇರುವ ಪ್ಯಾಕೇಜ್‌ಗಳ ಸಂಖ್ಯೆ 69,830. ಯಾವ ಸರ್ವರೂ ಅಷ್ಟನ್ನೂ ಬಳಸುವುದಿಲ್ಲ, ನಿಜ. ಆದರೂ ಕರ್ನಲ್, ಜಿಲಿಬ್‌ಸಿ, ಗೂಢಲಿಪಿಯ ಲೈಬ್ರರಿ, ಯಂತ್ರ ಎದ್ದಾಗ ಸೇವೆಗಳನ್ನು ಎಬ್ಬಿಸುವ ವ್ಯವಸ್ಥೆ, ಪೈಥಾನ್, ಪರ್ಲ್, ಪಿಎಚ್‌ಪಿ ಎಲ್ಲವೂ ಒಂದೇ ದಿನ ಹೊಸ ಆವೃತ್ತಿಗೆ ಜಿಗಿಯುತ್ತವೆ. ರೆಡ್ ಹ್ಯಾಟ್ 6ರಿಂದ 7ಕ್ಕೆ ಹೋದವರಿಗೆ ಸೇವೆಗಳನ್ನು ಎಬ್ಬಿಸುವ ಹಳೆಯ ಸ್ಕ್ರಿಪ್ಟ್‌ಗಳ ಜಾಗದಲ್ಲಿ ಸಿಸ್ಟಂ-ಡಿ ಎದುರಾಯಿತು. 7ರಿಂದ 8ಕ್ಕೆ ಹೋದವರು ‘ಪೈಥಾನ್’ ಎಂದು ಟೈಪ್ ಮಾಡಿದರೆ ಅಂಥ ಆದೇಶವೇ ಇಲ್ಲ ಎಂಬ ಉತ್ತರ ಬರುತ್ತಿತ್ತು. ಎರಡೋ ಮೂರೋ ಎಂದು ಸ್ಪಷ್ಟವಾಗಿ ಹೇಳಬೇಕಿತ್ತು. ಪೈಥಾನ್ 2ರ ಪೋಷಣೆ 2020ರ ಜನವರಿ 1ಕ್ಕೆ ನಿಂತಿತು. ಅದನ್ನು ನಂಬಿದ್ದ ಸ್ಕ್ರಿಪ್ಟ್‌ಗಳು, ಬರೆದವರು ಕೆಲಸ ಬಿಟ್ಟು ಹೋದ ಮೇಲೂ ಎಷ್ಟೋ ಕಡೆ ರಾತ್ರಿ ಎರಡು ಗಂಟೆಗೆ ಎದ್ದು ಬ್ಯಾಕಪ್ ತೆಗೆಯುತ್ತಲೇ ಇದ್ದವು.

ಸರ್ವರ್‌ಗಾಗಿ ಮಾಡಿದ ಆವೃತ್ತಿಗಳ ಸ್ವಭಾವ ಇನ್ನೊಂದಿದೆ. ಅವು ಬಿಡುಗಡೆಯ ದಿನವೇ ಹೆಚ್ಚುಕಡಿಮೆ ಹೆಪ್ಪುಗಟ್ಟುತ್ತವೆ. 2014ರ ಜೂನ್‌ನಲ್ಲಿ ಬಂದ ರೆಡ್ ಹ್ಯಾಟ್ 7ರ ಕರ್ನಲ್ 3.10, 2024ರ ಜೂನ್ 30ರಂದು ಅದರ ಸಾಮಾನ್ಯ ಪೋಷಣೆ ಮುಗಿದಾಗಲೂ ಅದು 3.10 ಆಗಿಯೇ ಇತ್ತು. ಆ ಹತ್ತು ವರ್ಷ ಅದು ಹಾಗೇ ಕೊಳೆಯುತ್ತ ಬಿದ್ದಿತ್ತು ಎಂದಲ್ಲ. ಹೊಸ ಕರ್ನಲ್‌ಗಳಲ್ಲಿ ಆದ ಭದ್ರತಾ ತಿದ್ದುಪಡಿಗಳನ್ನು ರೆಡ್ ಹ್ಯಾಟ್‌ನ ಎಂಜಿನಿಯರ್‌ಗಳು ಹೆಕ್ಕಿ ತಂದು ಹಳೆಯ ಕೋಡ್‌ಗೆ ಹೊಲಿಯುತ್ತಿದ್ದರು. ಹೀಗಾಗಿ ಆವೃತ್ತಿಯ ಸಂಖ್ಯೆಯನ್ನಷ್ಟೇ ನೋಡಿ ‘ಇದು ಹಳತು, ಅಪಾಯಕಾರಿ’ ಎಂದು ವರದಿ ಕೊಡುವ ಸ್ಕ್ಯಾನಿಂಗ್ ತಂತ್ರಾಂಶಗಳಿಗೂ ಅಡ್ಮಿನ್‌ಗಳಿಗೂ ಜಗಳ ತಪ್ಪಿದ್ದಲ್ಲ. ಗ್ರಾಹಕರು ದುಡ್ಡು ಕೊಡುವುದು ಈ ಹೊಲಿಗೆಗೆ. ‘ಬೆಂಬಲ ಮುಗಿಯಿತು’ ಎಂದರೆ ಹೊಲಿಗೆ ನಿಂತಿತು ಎಂದರ್ಥ. ಯಂತ್ರ ಮರುದಿನವೂ ಎಂದಿನಂತೆ ಓಡುತ್ತದೆ, ಅದೇ ತೊಡಕು.

ತಡ ಮಾಡಿದವರು, ತಡ ಮಾಡಿ ಉಳಿದವರು

ವಿಂಡೋಸ್ ಎಕ್ಸ್‌ಪಿಯ ಬೆಂಬಲ 2014ರ ಏಪ್ರಿಲ್ 8ಕ್ಕೂ ವಿಂಡೋಸ್ ಸರ್ವರ್ 2003ರದು 2015ರ ಜುಲೈ 14ಕ್ಕೂ ಮುಗಿದಿತ್ತು. 2017ರ ಮೇ 12ರಂದು ವಾನಾಕ್ರೈ ಎಂಬ ಹುಳು ಜಗತ್ತಿನ ತುಂಬ ಹರಡಿ, ಕಡತಗಳಿಗೆ ಬೀಗ ಹಾಕಿ ಹಣ ಕೇಳತೊಡಗಿತು. ಬ್ರಿಟನ್ನಿನ ಸರಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ ಇಂಗ್ಲೆಂಡಿನ 236 ಟ್ರಸ್ಟ್‌ಗಳ ಪೈಕಿ ಕನಿಷ್ಠ 80ಕ್ಕೆ ಪೆಟ್ಟು ಬಿತ್ತು. ಸಾವಿರಾರು ರೋಗಿಗಳ ಭೇಟಿ, ಶಸ್ತ್ರಚಿಕಿತ್ಸೆಗಳು ರದ್ದಾದವು. ಬೆಂಬಲ ಮುಗಿದ ಎಕ್ಸ್‌ಪಿಗೂ ಸರ್ವರ್ 2003ಕ್ಕೂ ಮೈಕ್ರೋಸಾಫ್ಟ್ ತುರ್ತಾಗಿ ಪ್ಯಾಚ್ ಬಿಡುಗಡೆ ಮಾಡಿತು.

ಹಳೆಯ ಆವೃತ್ತಿ ಇಟ್ಟುಕೊಂಡವರಿಗೆ ತಕ್ಕ ಶಾಸ್ತಿ ಎಂದು ಅನೇಕರು ಅಂದುಕೊಂಡರು. ಲೆಕ್ಕ ಬೇರೆಯೇ ಇತ್ತು. ಸೋಂಕು ತಗುಲಿದ ಯಂತ್ರಗಳಲ್ಲಿ ಬಹುಪಾಲು ವಿಂಡೋಸ್ 7, ಅಂದರೆ ಆಗ ಇನ್ನೂ ಬೆಂಬಲವಿದ್ದ ಆವೃತ್ತಿ. ಅದಕ್ಕೆ ಬೇಕಾದ ಪ್ಯಾಚ್ ಮಾರ್ಚ್ 14ರಂದೇ, ದಾಳಿಗೆ ಸುಮಾರು ಎರಡು ತಿಂಗಳು ಮೊದಲೇ, ಸಿದ್ಧವಾಗಿತ್ತು. ಹಾಕಿರಲಿಲ್ಲ ಅಷ್ಟೆ.

ಇನ್ನು ಇದಕ್ಕೆ ಉಲ್ಟಾ ನಡೆದ ಪ್ರಸಂಗ. 2014ರ ಏಪ್ರಿಲ್ 7ರಂದು ಬಯಲಾದ ಹಾರ್ಟ್‌ಬ್ಲೀಡ್ ದೋಷ ಓಪನ್ಎಸ್ಎಸ್ಎಲ್ ಎಂಬ ಗೂಢಲಿಪಿ ಲೈಬ್ರರಿಯಲ್ಲಿತ್ತು. ದೂರದಲ್ಲಿ ಕುಳಿತ ಯಾರೇ ಆದರೂ ಸರ್ವರ್‌ನ ಮೆಮೊರಿಯಿಂದ ಒಂದು ಸಲಕ್ಕೆ 64 ಕಿಲೋಬೈಟ್‌ವರೆಗೆ ಕದಿಯಬಹುದಿತ್ತು. ಪಾಸ್‌ವರ್ಡ್, ಗೂಢಲಿಪಿಯ ಕೀಲಿ, ಏನು ಸಿಕ್ಕಿದರೆ ಅದು. ದೋಷ ಸೇರಿಕೊಂಡದ್ದು 2012ರ ಮಾರ್ಚ್‌ನಲ್ಲಿ ಬಂದ 1.0.1 ಆವೃತ್ತಿಯಲ್ಲಿ. ಹೊಸದಾದ ಡೆಬಿಯನ್ 7, ಉಬುಂಟು 12.04, ರೆಡ್ ಹ್ಯಾಟ್ 6.5 ಮೂರರಲ್ಲೂ ಅದೇ 1.0.1 ಇತ್ತು. ಡೆಬಿಯನ್ 6ರಲ್ಲೋ ರೆಡ್ ಹ್ಯಾಟ್ 5ರಲ್ಲೋ ಉಳಿದುಕೊಂಡವರ ಬಳಿ ಇದ್ದದ್ದು ಅದಕ್ಕೂ ಹಳೆಯ 0.9.8; ಅವರಿಗೆ ಏನೂ ಆಗಲಿಲ್ಲ. ಅವರು ಜಾಣರಾಗಿದ್ದರೆಂದು ಹೇಳಲೂ ಬರುವುದಿಲ್ಲ. ಇಂದು ಬಹುತೇಕ ಜಾಲತಾಣಗಳು ಕನಿಷ್ಠವೆಂದು ಕೇಳುವ ಟಿಎಲ್ಎಸ್ 1.2 ಸೌಲಭ್ಯ ಓಪನ್ಎಸ್ಎಸ್ಎಲ್‌ಗೆ ಬಂದದ್ದು ಅದೇ 1.0.1ರ ಜೊತೆ.

ಹತ್ತು ವರ್ಷದ ನಂತರ ಇನ್ನೊಂದು. 2024ರ ಮಾರ್ಚ್ ಕೊನೆಯಲ್ಲಿ ಮೈಕ್ರೋಸಾಫ್ಟ್‌ನ ಎಂಜಿನಿಯರ್, ಪೋಸ್ಟ್‌ಗ್ರೆಸ್‌ಕ್ಯುಎಲ್ ಡೆವಲಪರ್ ಆಂಡ್ರೆಸ್ ಫ್ರಾಯಿಂಡ್‌ಗೆ ತಮ್ಮ ಯಂತ್ರದಲ್ಲಿ ಎಸ್ಎಸ್ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹೊತ್ತು ಹಿಡಿಯುತ್ತಿರುವುದು ಕಣ್ಣಿಗೆ ಬಿತ್ತು. ಬೆನ್ನು ಹತ್ತಿ ಹೋದರೆ, ಕಡತ ಕುಗ್ಗಿಸುವ ಎಕ್ಸ್‌ಝಡ್ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಬೇಕೆಂದೇ ಕಳ್ಳಬಾಗಿಲು ಇಟ್ಟಿದ್ದರು. ಅದು ಸೇರಿಕೊಂಡಿದ್ದದ್ದು ಡೆಬಿಯನ್‌ನ ಪರೀಕ್ಷಾ ಶಾಖೆ, ಫೆಡೋರಾದ ಮುಂಬರುವ ಆವೃತ್ತಿ ಮೊದಲಾದ ತೀರಾ ಹೊಸ ಕಡೆಗಳಲ್ಲಿ. ಡೆಬಿಯನ್‌ನ ಸ್ಥಿರ ಆವೃತ್ತಿ, ಉಬುಂಟುವಿನ ದೀರ್ಘ ಬೆಂಬಲದ ಬಿಡುಗಡೆಗಳು, ರೆಡ್ ಹ್ಯಾಟ್ ಯಾವುದಕ್ಕೂ ಅದು ತಲುಪಿರಲಿಲ್ಲ.

ಈ ಮೂರನ್ನೂ ಎದುರುಬದುರು ಇಟ್ಟರೆ ‘ಹೊಸದೇ ಸುರಕ್ಷಿತ’ ಎಂಬ ವಾದವೂ ನಿಲ್ಲುವುದಿಲ್ಲ, ‘ಹಳೆಯದೇ ಗಟ್ಟಿ’ ಎಂಬುದೂ ನಿಲ್ಲುವುದಿಲ್ಲ. ಆವೃತ್ತಿಯ ವಯಸ್ಸಿಗಿಂತ ಮುಖ್ಯವಾದವು ಎರಡು ವಿಷಯ. ಅದಕ್ಕೆ ಈಗಲೂ ಯಾರಾದರೂ ಹೊಲಿಗೆ ಹಾಕುತ್ತಿದ್ದಾರೆಯೇ? ಹಾಕಿದ ಹೊಲಿಗೆ ಸರ್ವರ್‌ಗೆ ಬಂದು ಮುಟ್ಟುತ್ತಿದೆಯೇ? ಎರಡಕ್ಕೂ ‘ಹೌದು’ ಎನ್ನುವಷ್ಟು ದಿನ ಕಾಯುವುದಕ್ಕೆ ಅರ್ಥವಿದೆ. ಒಂದಕ್ಕೆ ‘ಇಲ್ಲ’ ಎಂದರೂ ಸುಮ್ಮನೆ ಕೂರುವುದೇ ಅಪಾಯದ ಆಯ್ಕೆಯಾಗುತ್ತದೆ.

ತಾರೀಖು ಬದಲಾದಾಗ

ಹಾಗಾದರೆ ಬೆಂಬಲ ಮುಗಿಯುವ ತಾರೀಖನ್ನು ಗೋಡೆಯ ಮೇಲೆ ಬರೆದಿಟ್ಟುಕೊಂಡರೆ ಸಾಕಲ್ಲ? ಸೆಂಟ್ಓಎಸ್ ಬಳಸುತ್ತಿದ್ದವರು ಹಾಗೆಯೇ ನಂಬಿದ್ದರು. ರೆಡ್ ಹ್ಯಾಟ್‌ನ ಬಹಿರಂಗ ಸೋರ್ಸ್ ಕೋಡ್‌ನಿಂದಲೇ ಕಟ್ಟಿ, ಪುಕ್ಕಟೆಯಾಗಿ ಸಿಗುತ್ತಿದ್ದ ಈ ಲಿನಕ್ಸ್ ವಿಶ್ವವಿದ್ಯಾಲಯಗಳಲ್ಲಿ, ವೆಬ್ ಹೋಸ್ಟಿಂಗ್ ಕಂಪನಿಗಳಲ್ಲಿ ಬೇರೂರಿತ್ತು. 2019ರ ಸೆಪ್ಟೆಂಬರ್ 24ರಂದು ಸೆಂಟ್ಓಎಸ್ 8 ಬಂತು. ರೆಡ್ ಹ್ಯಾಟ್ 8ರ ಜೊತೆಜೊತೆಗೆ 2029ರವರೆಗೆ ಅದಕ್ಕೆ ಪೋಷಣೆ ಇರುತ್ತದೆ ಎಂಬುದು ಎಲ್ಲರ ಎಣಿಕೆ.

2020ರ ಡಿಸೆಂಬರ್ 8ರಂದು ಪ್ರಕಟಣೆ ಬಂತು: ಸೆಂಟ್ಓಎಸ್ 8ರ ಕೊನೆ 2021ರ ಡಿಸೆಂಬರ್ 31. ಇನ್ನು ಮುಂದೆ ರೆಡ್ ಹ್ಯಾಟ್‌ಗಿಂತ ಒಂದು ಹೆಜ್ಜೆ ಮುಂದೆ ಓಡುವ ಸೆಂಟ್ಓಎಸ್ ಸ್ಟ್ರೀಮ್‌ಗೆ ಗಮನ ಕೊಡಲಾಗುವುದು. ಉಳಿದಿದ್ದ ಎಂಟು ವರ್ಷದ ಆಯುಷ್ಯ ಒಂದೇ ವರ್ಷಕ್ಕೆ ಇಳಿದಿತ್ತು. ಸೆಂಟ್ಓಎಸ್ 7ರ ಗಡುವನ್ನು ಮಾತ್ರ ಮುಟ್ಟಲಿಲ್ಲ. ಅದು 2024ರ ಜೂನ್ 30ರವರೆಗೂ ಉಳಿಯಿತು. ಕಷ್ಟಪಟ್ಟು, ಪರೀಕ್ಷೆ ಮಾಡಿ, ಶ್ರದ್ಧೆಯಿಂದ 8ಕ್ಕೆ ಏರಿದವರ ನೆಲ ಮೊದಲು ಕುಸಿಯಿತು. ಉದಾಸೀನದಿಂದ 7ರಲ್ಲೇ ಕುಳಿತವರಿಗೆ ಇನ್ನೂ ಎರಡೂವರೆ ವರ್ಷ ಸಿಕ್ಕಿತು.

ದೊಡ್ಡವರೂ ಇದರಲ್ಲಿ ಸಿಕ್ಕಿಬಿದ್ದರು. ಜಿನೀವಾ ಬಳಿಯ ಸರ್ನ್ ಮತ್ತು ಅಮೆರಿಕದ ಫರ್ಮಿಲ್ಯಾಬ್ ಕಣಭೌತವಿಜ್ಞಾನದ ಲೆಕ್ಕಾಚಾರಕ್ಕೆ ವರ್ಷಗಟ್ಟಲೆ ‘ಸೈಂಟಿಫಿಕ್ ಲಿನಕ್ಸ್’ ಎಂಬ ತಮ್ಮದೇ ಆವೃತ್ತಿಯನ್ನು ಬೆಳೆಸಿದ್ದವು. 2019ರಲ್ಲಿ ಫರ್ಮಿಲ್ಯಾಬ್ ಅದರ 8ನೇ ಆವೃತ್ತಿ ಮಾಡುವುದನ್ನು ಕೈಬಿಟ್ಟು, ಸೆಂಟ್ಓಎಸ್ 8ಕ್ಕೇ ಹೋಗುವುದಾಗಿ ಹೇಳಿತು. ಆ ನಿರ್ಧಾರ ಹೊರಬಂದು ಎರಡು ವರ್ಷ ತುಂಬುವ ಮೊದಲೇ ಸೆಂಟ್ಓಎಸ್ 8ರ ಕೊನೆಯ ದಿನ ಘೋಷಣೆಯಾಯಿತು. ಖಾಲಿಯಾದ ಜಾಗ ತುಂಬಲು ಸೆಂಟ್ಓಎಸ್‌ನ ಸ್ಥಾಪಕರಲ್ಲೊಬ್ಬರಾದ ಗ್ರೆಗೊರಿ ಕರ್ಟ್ಜರ್ ರಾಕಿ ಲಿನಕ್ಸ್ ಆರಂಭಿಸಿದರು. ಕ್ಲೌಡ್‌ಲಿನಕ್ಸ್ ಕಂಪನಿ ಅಲ್ಮಾಲಿನಕ್ಸ್ ಕಟ್ಟಿತು. ಸರ್ನ್ ಮತ್ತು ಫರ್ಮಿಲ್ಯಾಬ್ ಒಟ್ಟಾಗಿ ಅಲ್ಮಾಲಿನಕ್ಸ್ ಶಿಫಾರಸು ಮಾಡಿದ್ದು 2022ರ ಡಿಸೆಂಬರ್‌ನಲ್ಲಿ.

ತಾಂತ್ರಿಕ ಗುಣಕ್ಕೂ ಈ ಪ್ರಸಂಗಕ್ಕೂ ಸಂಬಂಧವೇ ಇರಲಿಲ್ಲ. ಸೆಂಟ್ಓಎಸ್ 8 ಚೆನ್ನಾಗಿಯೇ ಓಡುತ್ತಿತ್ತು. ಅಂದಿನಿಂದ ಹೊಸ ಆವೃತ್ತಿ ಆರಿಸುವವರು ಕರ್ನಲ್ ಯಾವುದು, ವೇಗ ಎಷ್ಟು ಎಂಬುದರ ಜೊತೆಗೆ ಇದನ್ನು ಪೋಷಿಸುವವರು ಯಾರು, ಅವರ ಹೊಟ್ಟೆಪಾಡು ಹೇಗೆ, ಅವರು ಕೈಬಿಟ್ಟರೆ ಪಕ್ಕಕ್ಕೆ ಸರಿಯುವುದು ಎಷ್ಟು ಸುಲಭ ಎಂದೂ ವಿಚಾರಿಸತೊಡಗಿದರು.

ಜಿಗಿತವೋ, ಹೆಜ್ಜೆಯೋ

ಏರುವುದೆಂದು ನಿಶ್ಚಯಿಸಿದ ಮೇಲೂ ಹೇಗೆ ಎಂಬುದು ಉಳಿಯುತ್ತದೆ. ದೀರ್ಘ ಬೆಂಬಲದ ಉಬುಂಟು ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಬರುತ್ತದೆ. ಆದರೆ ಹಿಂದಿನ ದೀರ್ಘ ಬೆಂಬಲದ ಆವೃತ್ತಿಯಲ್ಲಿರುವ ಸರ್ವರ್‌ಗಳಿಗೆ ‘ಹೊಸದು ಬಂದಿದೆ, ಏರಿ’ ಎಂಬ ಆಹ್ವಾನ ಸಿಗುವುದು ಕೆಲವು ತಿಂಗಳ ನಂತರ, ಮೊದಲ ತಿದ್ದುಪಡಿ ಬಿಡುಗಡೆಯಾದ ಮೇಲೆಯೇ. 24.04ರ ಅಂಥ ಬಿಡುಗಡೆ 2024ರ ಆಗಸ್ಟ್ 15ಕ್ಕೆ ನಿಗದಿಯಾಗಿತ್ತು; ಅಪ್‌ಗ್ರೇಡ್‌ನಲ್ಲೇ ಗಂಭೀರ ದೋಷಗಳು ಕಂಡದ್ದರಿಂದ 29ಕ್ಕೆ ಮುಂದೂಡಲಾಯಿತು. ತಯಾರಿಸುವವರೇ ಇಷ್ಟು ಹಿಂಜರಿಯುವಾಗ ಬಳಸುವವರಿಗೆ ಮೊದಲ ವಾರವೇ ಅವಸರ ಯಾಕೆ?

ಕಾಯುತ್ತ ಕೂರುವುದಕ್ಕೂ ಬೆಲೆ ಇದೆ. ಗೂಗಲ್‌ನ ಸರ್ವರ್‌ಗಳು ಬಹುಕಾಲ ಓಡಿದ್ದು 2001ರ ಹಳೆಯ ರೆಡ್ ಹ್ಯಾಟ್ ಲಿನಕ್ಸ್ 7.1ರ (ಎಂಟರ್‌ಪ್ರೈಸ್ 7 ಅಲ್ಲ) ಮೇಲೆ ತೇಪೆಯ ಮೇಲೆ ತೇಪೆ ಹಾಕಿಕೊಂಡ ಒಂದು ಆವೃತ್ತಿಯಲ್ಲಿ. ಅದರಿಂದ ಡೆಬಿಯನ್ ಆಧಾರದ ಹೊಸ ವ್ಯವಸ್ಥೆಗೆ ದಾಟಿದ ಬಗೆಯನ್ನು ಕಂಪನಿಯ ಎಂಜಿನಿಯರ್ ಮಾರ್ಕ್ ಮೆರ್ಲಿನ್ 2013ರ ಲೀಸಾ ಸಮ್ಮೇಳನದಲ್ಲಿ ವಿವರಿಸಿದರು. ಹತ್ತು ವರ್ಷದ ಅಂತರವನ್ನು ಒಂದೇ ಜಿಗಿತಕ್ಕೆ ದಾಟಿದರೆ, ಅರ್ಧ ಯಂತ್ರಗಳು ಹಳೆಯದರಲ್ಲಿ, ಅರ್ಧ ಹೊಸದರಲ್ಲಿ ಉಳಿಯುವ ಅವಧಿಯಲ್ಲಿ ದೋಷ ಎಲ್ಲಿದೆಯೆಂದು ಹುಡುಕುವುದೇ ಅಸಾಧ್ಯ. ಅದಕ್ಕೆ ಅವರು ಹೊಸ ವ್ಯವಸ್ಥೆಯ ಪ್ಯಾಕೇಜ್‌ಗಳನ್ನು ಸ್ವಲ್ಪ ಸ್ವಲ್ಪವಾಗಿ ಹಳೆಯದರೊಳಗೇ ತಂದು ಕೂರಿಸಿದರು, ಬೇಡದ್ದನ್ನು ಕಿತ್ತರು. ಕೊನೆಗೆ ಎರಡೂ ಹೆಚ್ಚುಕಡಿಮೆ ಒಂದೇ ಆದಾಗ ಬದಲಾವಣೆ ಒಂದು ಸಣ್ಣ ಹೆಜ್ಜೆಯಾಗಿತ್ತು. ಯಂತ್ರಗಳು ಕೆಲಸ ಮಾಡುತ್ತಿರುವಾಗಲೇ ಇಷ್ಟೆಲ್ಲ ನಡೆಯಿತು. ಅದೇ ಕಂಪನಿಯ ಉದ್ಯೋಗಿಗಳ ಮೇಜಿನ ಲಿನಕ್ಸ್ ಯಂತ್ರಗಳನ್ನು ಎರಡು ವರ್ಷಕ್ಕೊಮ್ಮೆ ಏರಿಸುವ ಕೆಲಸ ವರ್ಷದ ಬಹುಭಾಗ ನುಂಗುತ್ತಿತ್ತು. 2018ರಲ್ಲಿ ಅವನ್ನೂ ನಿರಂತರವಾಗಿ ಬದಲಾಗುವ ಡೆಬಿಯನ್ ಆಧಾರದ ವ್ಯವಸ್ಥೆಗೆ ತಂದರು.

ನೆಟ್‌ಫ್ಲಿಕ್ಸ್ ಇನ್ನೂ ಒಂದು ಮಾರು ಮುಂದೆ. ಅದರ ವಿಡಿಯೊ ಹಂಚುವ ಸರ್ವರ್‌ಗಳಲ್ಲಿರುವುದು ಫ್ರೀಬಿಎಸ್‌ಡಿ. ಅದೂ ಸ್ಥಿರ ಆವೃತ್ತಿಯಲ್ಲ, ಇನ್ನೂ ಅಭಿವೃದ್ಧಿಯಾಗುತ್ತಿರುವ ಮುಖ್ಯ ಶಾಖೆ. ವಾರಗಳ ಅಂತರದಲ್ಲಿ ಹೊಸ ಕೋಡ್ ಸೇರಿಸಿಕೊಂಡರೆ, ಏನಾದರೂ ಕೆಟ್ಟಾಗ ಶಂಕಿತ ಬದಲಾವಣೆಗಳ ಪಟ್ಟಿ ಚಿಕ್ಕದಾಗಿರುತ್ತದೆ ಎಂಬುದು ಅವರ ಲೆಕ್ಕ. ಕರ್ನಲ್ ಬಲ್ಲ ಎಂಜಿನಿಯರ್‌ಗಳ ತಂಡ, ಒಂದು ಸರ್ವರ್ ಬಿದ್ದರೆ ಕೆಲಸ ವಹಿಸಿಕೊಳ್ಳಲು ಇನ್ನೊಂದು ಇದ್ದವರಿಗೆ ಇದು ನಡೆಯುತ್ತದೆ. ಒಬ್ಬನೇ ಅಡ್ಮಿನ್, ಒಂದೇ ಡೇಟಾಬೇಸ್ ಸರ್ವರ್ ಇರುವ ಜಿಲ್ಲಾ ಸಹಕಾರಿ ಸಂಘಕ್ಕೆ ನಡೆಯುವುದಿಲ್ಲ.

ಹೆಜ್ಜೆ ಹಾಕುವುದನ್ನು ನಿಯಮವಾಗಿಸಿದ ಉದಾಹರಣೆ ಭಾರತದಲ್ಲೇ ಇದೆ. 2018ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕ್, ಬೆಂಬಲ ಮುಗಿದ ಆಪರೇಟಿಂಗ್ ಸಿಸ್ಟಂನಲ್ಲಿ ಓಡುತ್ತಿದ್ದ ಎಟಿಎಂಗಳನ್ನು ಬದಲಿಸಲು ಬ್ಯಾಂಕುಗಳಿಗೆ ಹಂತಗಳನ್ನು ಹಾಕಿಕೊಟ್ಟಿತು: ಸೆಪ್ಟೆಂಬರ್‌ಗೆ ಕನಿಷ್ಠ ಶೇ 25, ಡಿಸೆಂಬರ್‌ಗೆ 50, 2019ರ ಮಾರ್ಚ್‌ಗೆ 75, ಜೂನ್‌ಗೆ ಪೂರ್ತಿ. ಅದೇ 2018ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕ್ ಸುಮಾರು 52 ಲಕ್ಷ ಗ್ರಾಹಕರ ಖಾತೆಗಳನ್ನು ಹೊಸ ವ್ಯವಸ್ಥೆಗೆ ಬಹುತೇಕ ಒಂದೇ ವಾರಾಂತ್ಯದಲ್ಲಿ ಸಾಗಿಸಿತ್ತು. 19 ಲಕ್ಷ ಜನರಿಗೆ ತಮ್ಮ ಖಾತೆ ತೆರೆಯಲಾಗಲಿಲ್ಲ. 2022ರಲ್ಲಿ ನಿಯಂತ್ರಕರು ಹಾಕಿದ ದಂಡ 4.865 ಕೋಟಿ ಪೌಂಡ್.

ಸಣ್ಣ ತಂಡಗಳ ಮುಂದೆ ಸಾಮಾನ್ಯವಾಗಿ ಎರಡು ದಾರಿಗಳಿರುತ್ತವೆ. ಇದ್ದ ಯಂತ್ರವನ್ನು ಇದ್ದಲ್ಲೇ ಏರಿಸುವುದು ಒಂದು. ರೆಡ್ ಹ್ಯಾಟ್ ಕುಟುಂಬದಲ್ಲಿ ಲೀಪ್, ಡೆಬಿಯನ್‌ನಲ್ಲಿ ಆಪ್ಟ್ ಈ ಕೆಲಸ ಮಾಡುತ್ತವೆ. ಪಕ್ಕದಲ್ಲಿ ಹೊಸ ಸರ್ವರ್ ನಿಲ್ಲಿಸಿ, ಸೇವೆಗಳನ್ನು ಒಂದೊಂದಾಗಿ ಸಾಗಿಸಿ, ಹಳೆಯದನ್ನು ಕೆಲವು ವಾರ ಹಾಗೇ ಇಟ್ಟುಕೊಳ್ಳುವುದು ಇನ್ನೊಂದು. ಮೊದಲನೆಯದು ಅಗ್ಗ, ಆದರೆ ಹಿಂದಿರುಗುವ ದಾರಿ ಬ್ಯಾಕಪ್ ಒಂದೇ. ಆ ಬ್ಯಾಕಪ್‌ನಿಂದ ಯಂತ್ರ ನಿಜಕ್ಕೂ ಎದ್ದೇಳುತ್ತದೆಯೇ ಎಂದು ಮೊದಲೇ ನೋಡಿರಬೇಕು. ಎರಡನೆಯದಕ್ಕೆ ಖರ್ಚು ಹೆಚ್ಚು. ಯಾವ ಸೇವೆ ಯಾವುದನ್ನು ಅವಲಂಬಿಸಿದೆ ಎಂಬುದು ಸಾಗಿಸುವಾಗ ತಾನಾಗಿಯೇ ಬಯಲಿಗೆ ಬರುತ್ತದೆ.

ಈ ಎರಡು ದಾರಿಗಳ ವ್ಯತ್ಯಾಸ ಡಿಸ್ಕ್‌ನಲ್ಲೂ ಉಳಿಯುತ್ತದೆ. ರೆಡ್ ಹ್ಯಾಟ್ 7ರಿಂದ ಅದರ ರೂಢಿಯ ಫೈಲ್ ಸಿಸ್ಟಂ ಎಕ್ಸ್ಎಫ್ಎಸ್. ಅದರ ಹಳೆಯ ವಿನ್ಯಾಸದಲ್ಲಿ ಫೈಲ್‌ನ ತಾರೀಖನ್ನು 32 ಬಿಟ್‌ಗಳ ಸೆಕೆಂಡ್ ಎಣಿಕೆಯಲ್ಲಿ ಬರೆಯುತ್ತಿದ್ದರು. ಆ ಎಣಿಕೆ ಭಾರತೀಯ ಕಾಲಮಾನದಲ್ಲಿ 2038ರ ಜನವರಿ 19ರ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡ್‌ಗೆ ತುಂಬಿಹೋಗುತ್ತದೆ. 2020ರ ಡಿಸೆಂಬರ್‌ನ ಲಿನಕ್ಸ್ 5.10 ಇದನ್ನು 2486ರವರೆಗೆ ಹಿಗ್ಗಿಸುವ ‘ಬಿಗ್‌ಟೈಮ್’ ವಿನ್ಯಾಸ ತಂದಿತು. ಹೊಸ ಆವೃತ್ತಿಯನ್ನು ಹೊಸ ಡಿಸ್ಕ್‌ನಲ್ಲಿ ಸ್ಥಾಪಿಸಿದವರಿಗೆ ಇದು ತಾನಾಗಿ ಸಿಗುತ್ತದೆ. ರೆಡ್ ಹ್ಯಾಟ್ 7ರ ಕಾಲದಲ್ಲಿ ಫಾರ್ಮ್ಯಾಟ್ ಮಾಡಿದ ಡಿಸ್ಕ್ ಮೇಲೆಯೇ 7ರಿಂದ 8ಕ್ಕೆ, 8ರಿಂದ 9ಕ್ಕೆ ಏರಿದವರಿಗೆ ಸಿಗುವುದಿಲ್ಲ. ಆಪರೇಟಿಂಗ್ ಸಿಸ್ಟಂ ಹೊಸದಾದರೂ ಡಿಸ್ಕ್‌ನ ವಿನ್ಯಾಸ ಹಳೆಯದೇ. ಹೊಸ ಕರ್ನಲ್ ಅಂಥ ಡಿಸ್ಕನ್ನು ಮೌಂಟ್ ಮಾಡುವಾಗ, ಇದರಲ್ಲಿ 2038ರವರೆಗಿನ ತಾರೀಖು ಮಾತ್ರ ಹಿಡಿಸುತ್ತದೆ ಎಂದು ಲಾಗ್‌ನಲ್ಲಿ ಒಂದು ಸಾಲು ಬರೆಯುತ್ತದೆ. ಸರಿಪಡಿಸಲು ಎಷ್ಟೋ ಡಿಸ್ಕ್‌ಗಳಿಗೆ ಒಂದು ಆದೇಶ ಸಾಕು. ಆದರೆ ಅದನ್ನು ಓಡಿಸುವಾಗ ಡಿಸ್ಕ್ ಬಳಕೆಯಲ್ಲಿ ಇರಕೂಡದು. ಮೂಲ ಡಿಸ್ಕಾದರೆ ಯಂತ್ರವನ್ನು ಬೇರೆ ಮಾಧ್ಯಮದಿಂದ ಎಬ್ಬಿಸಬೇಕು. ಹೀಗೆ ಇದ್ದಲ್ಲೇ ಏರಿಸಿದ ಸರ್ವರ್‌ಗಳಿರುವ ತಂಡಗಳು ಮುಂದಿನ ಅಪ್‌ಗ್ರೇಡ್‌ಗೆ ಸೇವೆ ನಿಲ್ಲಿಸಲು ಅನುಮತಿ ಕೇಳುವಾಗ ಈ ಕೆಲಸಕ್ಕೂ ಸೇರಿಸಿಯೇ ಹೊತ್ತು ಕೇಳಬೇಕಾಗುತ್ತದೆ.